ತಾರೀಖಿಲ್ಲದ ಬೋರ್ಡು

ನೆನೆಹಾಕಿದ ಅವರೆಕಾಳು ಇನ್ನೂ ಅರ್ಧ ಪಾತ್ರೆ ಉಳಿದಿತ್ತು. ಅನಸೂಯ ಹಿತ್ತಿಲ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದೊಂದೇ ಕಾಳು ಹಿಡಿದು ಹಿತುಕುತ್ತಿದ್ದಳು. ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ಬೇಳೆ ಪಿಚಕ್ಕನೆ ಹಾರಿ ನನ್ನ ಬೆನ್ನ ಮೇಲೆ ಬೀಳುತ್ತಿತ್ತು. ಮೂವತ್ತು ನಲವತ್ತು ಬೇಳೆ ಒಟ್ಟಾದಾಗ ಅಂಗೈಯಿಂದ ಬಳಿದು ಒಂದು ಮೂಲೆಗೆ ತಳ್ಳಿ, ಮತ್ತೆ ಪಾತ್ರೆಗೆ ಕೈ ಹಾಕುತ್ತಿದ್ದಳು.

ನಾನು ಅವಳ ತೊಡೆಯ ಮೇಲಿದ್ದೆ, ಮುಖ ಕೆಳಗೆ. ನನ್ನ ಸುತ್ತ ಮರದ ಚೌಕಟ್ಟು ಇರುವುದರಿಂದ ಬೇಳೆ ಆಚೆ ಉರುಳುವುದಿಲ್ಲ. ಆದ್ದರಿಂದ ಈ ಮನೆಯಲ್ಲಿ ನನ್ನನ್ನು ಒಳ್ಳೆಯ ಮೊರ ಎನ್ನುತ್ತಾರೆ. ನಾನು ಮೊರವಲ್ಲ. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ತಗಡಿನ ಬೋರ್ಡು. ಗೋಡೆಗೆ ನೇತುಹಾಕಲು ನನ್ನ ನೆತ್ತಿಯಲ್ಲಿ ಎರಡು ತೂತುಗಳಿವೆ. ಬೀದಿಯಲ್ಲಿ ಹೋಗುವವರು ಓದಲೆಂದು ನನ್ನ ಮುಖದ ಮೇಲೆ ಅಕ್ಷರಗಳಿವೆ. ಆ ಅಕ್ಷರಗಳನ್ನು ಬೀದಿಯಲ್ಲಿ ಹೋಗುವ ಯಾರೂ ಇವತ್ತಿನವರೆಗೆ ಓದಿಲ್ಲ.

ಅನಸೂಯಳಿಗೆ ಈಗ ಅರವತ್ತೊಂದು. ನನಗೆ ಮೂವತ್ತೈದು. ಊರವರೆಲ್ಲ ಅನಸೂಯಮ್ಮ ಎನ್ನುವಾಗ ನಾನು ಮಾತ್ರ ಏಕವಚನದಲ್ಲಿ ಕರೆಯುವುದು ಸೊಕ್ಕಿನಿಂದಲ್ಲ. ನನ್ನ ಮೇಲೆ ಅವಳ ಹೆಸರು ಬರೆದಾಗ ಅದರ ಕೊನೆಗೆ ‘ಅಮ್ಮ’ ಇನ್ನೂ ಸೇರಿರಲಿಲ್ಲ.

ನಾನು ಹುಟ್ಟಿದ್ದು ಕಡೂರಿನ ಬಸ್‌ಸ್ಟ್ಯಾಂಡಿನ ಹಿಂದುಗಡೆ, ಪೇಂಟರ್ ಕಲಂದರ್ ಸಾಬರ ಅಂಗಡಿಯಲ್ಲಿ. ಅಂಗಡಿ ಎಂದರೆ ಒಂದು ಹುಣಸೆಮರ, ಅದರ ಬುಡದಲ್ಲಿ ನಾಲ್ಕು ಡಬ್ಬ ಬಣ್ಣ, ಒಂದು ಹರಿದ ಚಾಪೆ. ಸಾಬರ ಮಗಳು ಷಮೀಮ್ ಎಸ್ಸೆಸ್ಸೆಲ್ಸಿಯಲ್ಲಿ ಹಿಂದಿಯೊಂದರಲ್ಲಿ ಎರಡು ಸಲ ನಪಾಸಾಗಿದ್ದಳು. ಅನಸೂಯ ಅವಳನ್ನು ಮೂರು ತಿಂಗಳು ಹಿತ್ತಿಲಲ್ಲಿ ಕೂರಿಸಿಕೊಂಡು ಪಾಠ ಹೇಳಿದ್ದಳು. ಅತ್ತೆ ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ, ದನಿ ತಗ್ಗಿಸಿ. ಷಮೀಮ್ ಅರವತ್ತೆಂಟು ನಂಬರು ತೆಗೆದಳು. ಅದಕ್ಕೆ ಬದಲಾಗಿ ಹುಟ್ಟಿದವನು ನಾನು.

ಮದುವೆಗೆ ಮುಂಚೆ ಅನಸೂಯ ಹಿಂದಿಯ ದೊಡ್ಡ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದಳು. ಸರ್ಟಿಫಿಕೇಟುಗಳು ಟ್ರಂಕಿನಲ್ಲಿ ಸೀರೆಗಳ ಅಡಿಗಿದ್ದವು. ಹಿಂದಿ ಪಾಠ ಹೇಳಲು ಒಂದು ಚಾಪೆ ಸಾಕು. ಆ ಡಿಸೆಂಬರಿನಲ್ಲಿ ಅವಳು ಮನಸ್ಸಿನಲ್ಲೇ ನಿಶ್ಚಯಿಸಿದ್ದಳು: ಹೊಸ ವರ್ಷದಿಂದ ತರಗತಿ. ಬರೆಯಬೇಕಾದ ಒಕ್ಕಣೆಯನ್ನು ಕ್ಯಾಲೆಂಡರಿನ ಹರಿದ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು ಬಂದು ಸಾಬರ ಕೈಗೆ ಕೊಟ್ಟಳು.

ಹಳದಿ ಹಿನ್ನೆಲೆ, ನೀಲಿ ಅಕ್ಷರ. ‘ಅನಸೂಯಾ ಹಿಂದಿ ತರಗತಿ. ಎಲ್ಲ ಪರೀಕ್ಷೆಗಳಿಗೂ ಪಾಠ ಹೇಳಿಕೊಡಲಾಗುವುದು. ಸಂಜೆ ನಾಲ್ಕರಿಂದ ಆರು.’ ಮೂಲೆಯಲ್ಲಿ ಸಾಬರು ತಮ್ಮ ಇಷ್ಟದಿಂದ ಒಂದು ತೆರೆದ ಪುಸ್ತಕ ಬಿಡಿಸಿದರು. ಕೊನೆಯ ಸಾಲಿಗೆ ಬಂದಾಗ ಕುಂಚ ನಿಲ್ಲಿಸಿದರು. ‘ತಾ.’ ಎಂದು ಬರೆದಾಗಿತ್ತು.

“ತಾರೀಖು ಹೇಳಿ ಅಕ್ಕ, ಅದನ್ನೂ ಬರ್ದುಬಿಡ್ತೀನಿ. ಒಂದ್ಸಲ ಒಣಗಿದ್ರೆ ಮಳೆ ಬಂದ್ರೂ ಹೋಗಲ್ಲ.”

“ಅಲ್ಲಿ ಖಾಲಿ ಬಿಡಿ ಸಾಬ್ರೇ. ಮನೇಲಿ ಒಂದ್ ಮಾತು ಕೇಳ್ತೀನಿ.”

“ಬೋರ್ಡ್ ಬರೆಸೋದು ಕೇಳಿದೀರ ತಾನೆ?”

ಅನಸೂಯ ನಕ್ಕಳು. ಕೇಳಿರಲಿಲ್ಲ. “ಆಮೇಲೆ ಸೀಮೆಸುಣ್ಣದಲ್ಲಿ ನಾನೇ ಬರ್ಕೋತೀನಿ ಬಿಡಿ,” ಎಂದಳು.

ಸಾಬರು ನಾಲ್ಕು ಬೆರಳಷ್ಟು ಹಳದಿ ಜಾಗ ಬಿಟ್ಟು ‘ರಿಂದ ಪ್ರಾರಂಭ’ ಎಂದು ಬರೆದು ಮುಗಿಸಿದರು. ಆ ನಾಲ್ಕು ಬೆರಳಿನ ಜಾಗ ಅವಳೇ ಕೇಳಿ ಬಿಡಿಸಿಕೊಂಡದ್ದು. ಬೇರೆ ಯಾರೂ ಬಿಡಿಸಲಿಲ್ಲ.

ಜನವರಿ ಒಂದನೇ ತಾರೀಖು ನನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಗಂಡ ರಂಗಪ್ರಸಾದ ತಾಲ್ಲೂಕು ಕಚೇರಿಯ ಗುಮಾಸ್ತ. ಜಗುಲಿಯಲ್ಲಿ ಇಬ್ಬರು ಗೆಳೆಯರ ಜೊತೆ ಕಾಫಿ ಕುಡಿಯುತ್ತಿದ್ದ. ಸೀರೆ ಬಿಚ್ಚಿ ನನ್ನನ್ನು ಎತ್ತಿ ಹಿಡಿದು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಗಟ್ಟಿಯಾಗಿ ಓದಿದ.

“ತಾರೀಖು… ಏನೂ ಇಲ್ಲ… ರಿಂದ ಪ್ರಾರಂಭ. ನೋಡ್ರಪ್ಪ, ನಮ್ಮನೆಯವಳು ಯಾವತ್ತಿಂದ ಅಂತ ಹೇಳಲ್ಲ, ಆದ್ರೆ ಪ್ರಾರಂಭ ಅಂತೂ ಗ್ಯಾರಂಟಿ.”

ಗೆಳೆಯರು ನಕ್ಕರು. ಅದರಲ್ಲೊಬ್ಬ, “ಅತ್ತಿಗೆ, ನಂಗೂ ಒಂದು ಸೀಟು ಇಡಿ, ನಂಗೆ ಹಿಂದೀಲಿ ಬೈಯೋಕೆ ಬರಲ್ಲ,” ಎಂದ. ಅನಸೂಯಳೂ ನಕ್ಕಳು. ನಗದೆ ಇದ್ದರೆ ಕೋಪ ಬಂದಿದೆ ಎಂದುಕೊಳ್ಳುತ್ತಾರಲ್ಲ ಎಂಬ ಭಯಕ್ಕೆ ನಗುವ ನಗು ಅದು. ನಾನು ಅದನ್ನು ಆಮೇಲೆ ಬಹಳ ಸಲ ನೋಡಿದೆ.

ಒಳಗಿನಿಂದ ಅತ್ತೆ ಸುಬ್ಬಮ್ಮ ಬಂದರು. ಆಕೆ ನಗಲಿಲ್ಲ, ಬೈಯಲೂ ಇಲ್ಲ. ನನ್ನ ಅಂಚನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದರು.

“ಚೆನ್ನಾಗಿ ಬರ್ದಿದಾನೆ. ಆದ್ರೆ ಈಗ ಧನುರ್ಮಾಸ ಅಲ್ವೇನೆ? ಧನುರ್ಮಾಸದಲ್ಲಿ ಯಾರಾದ್ರೂ ಹೊಸಾ ಕೆಲಸಕ್ಕೆ ಕೈ ಹಾಕ್ತಾರಾ? ಸಂಕ್ರಾಂತಿ ಕಳೀಲಿ.”

ಸಂಕ್ರಾಂತಿ ಕಳೆಯಿತು. ಆಗ ಆಕೆ, ಇಂಗ್ಲಿಷಿನವರ ಹೊಸ ವರ್ಷ ಕಟ್ಟಿಕೊಂಡು ನಮಗೇನು, ಯುಗಾದಿಗೆ ಶುರು ಮಾಡು ಎಂದರು. ಯುಗಾದಿಯ ದಿನ ಬೇವುಬೆಲ್ಲ ತಿಂದು ರಂಗಪ್ರಸಾದ ಪಂಚಾಂಗ ಓದಿದ. ಹೆಂಡತಿಯ ರಾಶಿಗೆ ಆ ವರ್ಷ ಅವಮಾನ ಹೆಚ್ಚು, ಗೌರವ ಕಡಿಮೆ ಎಂದಿತ್ತು. “ಮಕ್ಕಳು ಸೇರಿದ್ರೆ ನಿನ್ ರಾಶಿ, ಸೇರದಿದ್ರೆ ಹೋಗೋದು ನನ್ ಮರ್ಯಾದೆ,” ಎಂದು ಪಂಚಾಂಗ ಮಡಿಸಿದ. ವೈಶಾಖದಲ್ಲಿ ನಾದಿನಿಯ ಬಾಣಂತನ, ಅದು ಮುಗಿಯುವಷ್ಟರಲ್ಲಿ ಆಷಾಢ. ಶ್ರಾವಣದಲ್ಲಿ ಮನೆ ತುಂಬ ವ್ರತ, ಒಬ್ಬಟ್ಟು, ನೆಂಟರು. ಭಾದ್ರಪದದಲ್ಲಿ ಗೌರಿಯನ್ನು ಕಳಿಸಿದ ಮೇಲೆ ಪಿತೃಪಕ್ಷ. ವರ್ಷದ ಹನ್ನೆರಡು ತಿಂಗಳಿಗೂ ಒಂದೊಂದು ಬಾಗಿಲಿತ್ತು, ಎಲ್ಲಕ್ಕೂ ಚಿಲಕ ಒಳಗಡೆಯಿಂದ. ಪ್ರತಿ ಸಲವೂ ಅನಸೂಯ ಒಂದು ತಾರೀಖನ್ನು ಸೀಮೆಸುಣ್ಣದಲ್ಲಿ ಆ ನಾಲ್ಕು ಬೆರಳಿನ ಜಾಗದಲ್ಲಿ ಬರೆಯುತ್ತಿದ್ದಳು. ಪ್ರತಿ ಸಲವೂ ಸೆರಗಿನ ತುದಿಯಿಂದ ತಾನೇ ಒರೆಸುತ್ತಿದ್ದಳು.

ಕೊನೆಗೆ ವಿಜಯದಶಮಿ ಬಂತು. ವಿದ್ಯೆ ಆರಂಭಿಸಲು ಅದಕ್ಕಿಂತ ಒಳ್ಳೆಯ ದಿನ ಯಾವ ಪಂಚಾಂಗದಲ್ಲೂ ಇಲ್ಲ. ಅನಸೂಯ ಎದುರು ಬೀದಿಯ ಇಬ್ಬರು ಹುಡುಗಿಯರಿಗೆ ಹೇಳಿಯೂ ಬಂದಳು, ಹಬ್ಬದ ದಿನ ಸಂಜೆ ನಾಲ್ಕಕ್ಕೆ ಪುಸ್ತಕ ತಗೊಂಡು ಬನ್ನಿ ಎಂದು. ಸರಸ್ವತಿ ಪೂಜೆಯ ದಿನ ಮನೆಯ ಪುಸ್ತಕಗಳನ್ನೆಲ್ಲ ದೇವರ ಮುಂದೆ ಜೋಡಿಸುವಾಗ ನನ್ನನ್ನೂ ತಂದು ಅವುಗಳ ಹಿಂದೆ ಗೋಡೆಗೆ ಒರಗಿಸಿದಳು. ನನ್ನ ಹಣೆಗೆ ಕುಂಕುಮ ಹಚ್ಚಿದರು. ಪೂಜೆಗಿಟ್ಟ ಪುಸ್ತಕವನ್ನು ದಶಮಿಯ ದಿನ ಎತ್ತುವವರೆಗೆ ಯಾರೂ ಮುಟ್ಟಬಾರದು. ನನ್ನ ಜೀವನದ ಒಳ್ಳೆಯ ದಿನಗಳು ಅವು.

ಅಷ್ಟಮಿಯ ದಿನ ಅಂಚೆಯವನು ಒಂದು ಕಾರ್ಡು ಕೊಟ್ಟುಹೋದ. ಸುಬ್ಬಮ್ಮ ಬಾಗಿಲಲ್ಲೇ ನಿಂತು ಓದಿದರು. ಹೊಸದುರ್ಗದ ಕಡೆಯ ಯಾವನೋ ದಾಯಾದಿ ತೀರಿಕೊಂಡಿದ್ದ. ಈ ಮನೆಯಲ್ಲಿ ಅವನ ಮುಖ ನೋಡಿದವರು ಆಕೆಯೊಬ್ಬರೇ. ಆದರೂ ದಾಯಾದಿ ದಾಯಾದಿಯೇ, ಸೂತಕ ಸೂತಕವೇ. ಕಾಗದ ಓದಿದ ಗಳಿಗೆಯಿಂದ ಪೂಜೆ ನಿಲ್ಲಬೇಕು. ಗೊಂಬೆ ಎತ್ತಬೇಕು. ಹಬ್ಬಕ್ಕೆ ಕರೆದ ಮುತ್ತೈದೆಯರಿಗೆ ಬರಬೇಡಿ ಎನ್ನಬೇಕು. ಸಾವಿನ ಕಾಗದವನ್ನು ಓದಿ ಹರಿದು ಹೊರಗೆ ಎಸೆಯುವುದು ಪದ್ಧತಿ, ಅದು ಹೊಸ್ತಿಲು ದಾಟಿ ಒಳಗೆ ಬರಬಾರದು. ಆದರೆ ಸುಬ್ಬಮ್ಮ ಕಾರ್ಡು ಹಿಡಿದು ನೇರವಾಗಿ ದೇವರ ಮನೆಗೆ ಬಂದು, ಯಾರೂ ಮುಟ್ಟದ ಜಾಗ ಅದೊಂದೇ ಎಂದು ನನ್ನ ಬೆನ್ನಿಗೂ ಗೋಡೆಗೂ ನಡುವೆ ತೂರಿಸಿದರು. ಕೈ ಮುಗಿದು ಹೋದರು.

ಮರುದಿನ ಬೆಳಿಗ್ಗೆ ಆಯುಧಪೂಜೆ. ಅನಸೂಯ ದೀಪಕ್ಕೆ ಎಣ್ಣೆ ಹಾಕಲು ಬಗ್ಗಿದಾಗ ಅವಳ ತೋಳು ನನಗೆ ತಗುಲಿತು. ಕಾರ್ಡು ಜಾರಿ ನೆಲಕ್ಕೆ ಬಿತ್ತು. ಅವಳು ಓದಿದಳು. ಎರಡನೆಯ ಸಲವೂ ಓದಿದಳು. ಅಡಿಗೆಮನೆಯಲ್ಲಿ ಅತ್ತೆ ಹೂರಣ ರುಬ್ಬುವ ಸದ್ದು ಕೇಳುತ್ತಿತ್ತು. ಅವಳು ಕೂಗಬಹುದಿತ್ತು. ಕೂಗಿದ್ದರೆ ಹಬ್ಬ ಅಲ್ಲಿಗೆ ನಿಲ್ಲುತ್ತಿತ್ತು, ಜೊತೆಗೆ ನಾಳೆ ಸಂಜೆಯ ನಾಲ್ಕು ಗಂಟೆಯೂ ನಿಲ್ಲುತ್ತಿತ್ತು. ಅತ್ತೆ ಹಬ್ಬ ನಡೆಯಲೆಂದು ಮುಚ್ಚಿಟ್ಟಿದ್ದಾರೆ, ಹಬ್ಬ ಮುಗಿಸಿ ಏಕಾದಶಿಯ ದಿನ ಹೇಳುತ್ತಾರೆ, ಅಷ್ಟರಲ್ಲಿ ತನ್ನ ಮೊದಲ ಪಾಠ ಆಗಿಹೋಗಿರುತ್ತದೆ. ಹಾಗೆಂದು ಅವಳು ಲೆಕ್ಕ ಹಾಕಿರಬೇಕು. ಕಾರ್ಡನ್ನು ಮೊದಲಿದ್ದ ಹಾಗೆಯೇ ನನ್ನ ಹಿಂದೆ ಇಟ್ಟಳು. ದೀಪ ಹಚ್ಚಿದಳು. ಬೆಂಕಿಕಡ್ಡಿ ಮೂರು ಸಲ ಆರಿತು.

ಒಂದು ಸಾವನ್ನು ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಗೊತ್ತಾಗದಂತೆ ಎರಡು ದಿನ ಬಚ್ಚಿಟ್ಟರು. ಇಬ್ಬರ ಗುಟ್ಟೂ ನನ್ನ ಬೆನ್ನ ಹಿಂದೆಯೇ ಇತ್ತು.

ದಶಮಿಯ ಮಧ್ಯಾಹ್ನ ಹೋಳಿಗೆ ಊಟ ಮುಗಿಯಿತು. ಪುಸ್ತಕಗಳನ್ನು ಎತ್ತಿದರು. ಅನಸೂಯ ನನ್ನ ಮೇಲೆ ಆ ದಿನದ ತಾರೀಖು ಬರೆದಳು, ಸೀಮೆಸುಣ್ಣವನ್ನು ಎರಡು ಸಲ ಒತ್ತಿ. ಗಂಡನನ್ನು ಕೇಳದೆ ತಾನೇ ಎರಡು ಮೊಳೆ ಹುಡುಕಿ, ಗುಂಡುಕಲ್ಲು ಹಿಡಿದು ಜಗುಲಿಗೆ ಹೊರಟಳು. ಮೂರೂವರೆಯಾಗಿತ್ತು. ಹುಡುಗಿಯರಿಬ್ಬರೂ ಜಡೆ ಹೆಣೆದುಕೊಂಡು ಆಗಲೇ ಬಂದು ಕಲ್ಲುಬೆಂಚಿನ ಮೇಲೆ ಕುಳಿತಿದ್ದರು.

ಸುಬ್ಬಮ್ಮ ಹಿಂದಿನಿಂದ ಬಂದರು. ಕೈಯಲ್ಲಿ ಆ ಕಾರ್ಡು.

“ಅನಸೂಯ, ಕಲ್ಲು ಕೆಳಗಿಡು. ಈಗ ಪೋಸ್ಟಿನೋನು ಕೊಟ್ಟುಹೋದ. ಹೊಸದುರ್ಗದ ಶೇಷಪ್ಪ ಹೋಗ್ಬಿಟ್ನಂತೆ. ಎಲ್ರೂ ತಲೆಮೇಲೆ ನೀರು ಹಾಕ್ಕೋಬೇಕು.”

ಆ ದಿನ ಅಂಚೆ ಕಚೇರಿಗೆ ರಜೆ. ಅದು ರಂಗಪ್ರಸಾದನಿಗೆ ಗೊತ್ತಿತ್ತು, ಹುಡುಗಿಯರಿಗೂ ಗೊತ್ತಿತ್ತು. ಅವನು ತಾಯಿಯ ಮುಖ ನೋಡಿ, ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಅನಸೂಯ ಬಾಯಿ ತೆರೆದಳು. ಇವತ್ತು ಯಾವ ಪೋಸ್ಟು ಅತ್ತೆ ಎಂದು ಕೇಳಿದರೆ ಸಾಕಿತ್ತು. ಆದರೆ ಕೇಳಬೇಕಾದರೆ ತನಗೂ ಗೊತ್ತಿರಬಾರದಿತ್ತು. ಬಾಯಿ ಮುಚ್ಚಿಕೊಂಡಳು.

ಸುಬ್ಬಮ್ಮ ಹುಡುಗಿಯರ ಕಡೆ ತಿರುಗಿ, “ಮುಟ್ಬೇಡಿ ಮಕ್ಳೆ, ಸೂತಕದ ಮನೆ. ಮನೆಗ್ ಹೋಗಿ,” ಎಂದು ಬಹಳ ಮೃದುವಾಗಿ ಹೇಳಿದರು. ಹುಡುಗಿಯರು ಓಡಿದರು. ಮತ್ತೆ ಬರಲಿಲ್ಲ. ಹಬ್ಬದ ದಿನ ಸೂತಕ ತಗುಲಿಸಿದ ಮನೆಗೆ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ?

ಅಂದು ಸಂಜೆ ನನ್ನನ್ನು ಬಚ್ಚಲಮನೆಯಲ್ಲಿ ಇಟ್ಟರು. ಹಂಡೆಯ ಮುಚ್ಚಳ ತೂತು ಬಿದ್ದಿತ್ತು, ನನ್ನ ಅಳತೆ ಸರಿಹೋಯಿತು. ಹದಿನಾಲ್ಕು ವರ್ಷ ನಾನು ಹಂಡೆಯ ಮೇಲೆ ಮಲಗಿದ್ದೆ, ಮುಖ ಮೇಲೆ. ಬೆನ್ನಿಗೆ ಬಿಸಿ ಹಬೆ, ಎದೆಯ ಮೇಲೆ ಚೊಂಬು, ಸೀಗೆಪುಡಿಯ ಡಬ್ಬ.

ಕಾರ್ತಿಕದ ಒಂದು ಬೆಳಿಗ್ಗೆ ಅನಸೂಯ ಬಚ್ಚಲಿಗೆ ಬಂದು ಬಾಗಿಲು ಹಾಕಿಕೊಂಡಳು. ಮೂರು ತಿಂಗಳಾಗಿತ್ತು ಅವಳಿಗೆ. ಮನೆಯಲ್ಲಿ ಹೇಳಿ ಇನ್ನೂ ಎಂಟು ದಿನವಾಗಿರಲಿಲ್ಲ. ಅವಳು ನನ್ನ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಬಚ್ಚಲ ಕಲ್ಲಿನ ಮೇಲೆ ನೀರು ಕೆಂಪಾಗಿ ಹರಿದು ಹೋಯಿತು. ಅವಳು ಅಮ್ಮಾ ಎನ್ನಲಿಲ್ಲ, ಯಾರನ್ನೂ ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: “ಗೊತ್ತಿದ್ದೂ ದೀಪ ಹಚ್ಚಿದೆ.”

ಡಾಕ್ಟರು ರಕ್ತ ಕಡಿಮೆ ಎಂದರು. ಸುಬ್ಬಮ್ಮ ಮೆಟ್ಟಿಲು ಹತ್ತಿ ಇಳಿದದ್ದೇ ಕಾರಣ ಎಂದರು. ಅನಸೂಯ ಎರಡಕ್ಕೂ ಹೂಂ ಎಂದಳು. ಸೂತಕ ಎಂದು ಗೊತ್ತಿದ್ದೂ ಅತ್ತೆಯೂ ಪೂಜೆ ಮಾಡಿದ್ದರು. ಅವರಿಗೆ ಕಾಲುನೋವು ಸಹ ಬರಲಿಲ್ಲ. ಆದರೆ ಅನಸೂಯಳ ನ್ಯಾಯದಲ್ಲಿ ಅಪರಾಧಿ ಒಬ್ಬಳೇ. ಯಾಕೆಂದರೆ ಅತ್ತೆ ಹಬ್ಬಕ್ಕಾಗಿ ಮುಚ್ಚಿಟ್ಟರು, ತಾನು ತನಗಾಗಿ ಮುಚ್ಚಿಟ್ಟೆ.

ಆಮೇಲಿನ ಅನಸೂಯ ಬೇರೆ. ಅಮಾವಾಸ್ಯೆಯ ದಿನ ಸೂಜಿ ಹಿಡಿಯಳು, ರಾಹುಕಾಲದಲ್ಲಿ ಬೇಳೆ ಸಹ ನೆನೆಹಾಕಳು. ಅತ್ತೆಗೇ ಸಾಕೆನ್ನಿಸುವಷ್ಟು ಪಂಚಾಂಗ ನೋಡಲು ಕಲಿತಳು. ಮೂರು ವರ್ಷದ ನಂತರ ಮುಕುಂದ ಹುಟ್ಟಿದ. ಆದರೂ ಪ್ರತಿ ಜನವರಿ ಒಂದಕ್ಕೆ ಬಚ್ಚಲಿಗೆ ಬಂದು, ಚೊಂಬು ಇಳಿಸಿ, ಒದ್ದೆ ಬಟ್ಟೆಯಿಂದ ನನ್ನ ಮುಖ ಒರೆಸುತ್ತಿದ್ದಳು. ಒಂದು ತಾರೀಖು ಬರೆಯುತ್ತಿದ್ದಳು. ಎರಡು ದಿನದಲ್ಲಿ ಬಚ್ಚಲ ತೇವಕ್ಕೆ ಅದು ತಾನೇ ಹೋಗುತ್ತಿತ್ತು. ಯಾರೂ ಅಡ್ಡ ಬರಬೇಕಾಗಿಯೇ ಇರಲಿಲ್ಲ. ಹಾಗೆ ಹದಿನಾಲ್ಕು ತಾರೀಖು. ಒರೆಸಲು ಅವಳು ಎತ್ತಿಕೊಂಡಾಗಲೆಲ್ಲ ಈ ಸಲ ನೇರ ಜಗುಲಿಗೇ ಎಂದು ನನಗೂ ಅನ್ನಿಸುತ್ತಿತ್ತು. ಹದಿನಾಲ್ಕು ಸಲ ಮೋಸಹೋಗಲು ತಗಡಿನ ಬುದ್ಧಿಯೇ ಬೇಕು.

ಸುಬ್ಬಮ್ಮ ತೀರಿಕೊಂಡ ಮರುವರ್ಷ, ಅಷ್ಟು ವರ್ಷ ನನ್ನ ಕಡೆ ತಿರುಗಿಯೂ ನೋಡದಿದ್ದ ರಂಗಪ್ರಸಾದ ನನ್ನನ್ನು ಎತ್ತಿ ತನ್ನ ತಮ್ಮ ಸತ್ಯಣ್ಣನಿಗೆ ಕೊಟ್ಟ. ಸತ್ಯಣ್ಣ ಪೇಟೆ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಡುತ್ತಿದ್ದ.

“ಒಳ್ಳೆ ಗಟ್ಟಿ ತಗಡು ಕಣೋ. ಇಲ್ಲಿ ಸುಮ್ನೆ ಬಿದ್ದಿದೆ, ತಗೊಂಡ್ಹೋಗು.”

ಅನಸೂಯ ಬಾಗಿಲಲ್ಲಿ ನಿಂತಿದ್ದಳು. “ಅದ್ರ ಮೇಲೆ ಹೆಸರಿದೆ,” ಎಂದಳು.

“ಇದ್ರೇನು, ಬಳಿಸ್ತಾನೆ ಬಿಡು. ಇಷ್ಟು ವರ್ಷ ಸಿಗದ ತಾರೀಖು ಈಗ ಸಿಕ್ಕಿಬಿಡ್ತಾ?”

ಅವಳು ಆ ಹಳೆಯ ನಗು ನಕ್ಕು ಒಳಗೆ ಹೋದಳು.

ಕಲಂದರ್ ಸಾಬರಿಗೆ ಆಗ ಕೈ ನಡುಗುತ್ತಿತ್ತು. ನನ್ನನ್ನು ಹುಣಸೆಮರದ ಕೆಳಗೆ ಮತ್ತೆ ನೋಡಿ ಗುರುತು ಹಿಡಿದರು. ಹಳದಿ ಮಾಸಿತ್ತು, ನೀಲಿ ಉಳಿದಿತ್ತು. “ಈ ಅಕ್ಷರದ ಮೇಲೆ ನಾನು ಬಣ್ಣ ಬಳಿಯಲ್ಲ ಸ್ವಾಮಿ. ಬೇಕಿದ್ರೆ ಹಿಂದ್ಗಡೆ ಬರ್ಕೊಡ್ತೀನಿ,” ಎಂದರು. ಬೆನ್ನಿನ ತುಕ್ಕು ಉಜ್ಜಿ ತೆಗೆದು ‘ಹಿಟ್ಟಿನ ಗಿರಣಿ. ರಾಗಿ, ಗೋಧಿ, ಅಕ್ಕಿ, ಮೆಣಸಿನಕಾಯಿ’ ಎಂದು ಬರೆದರು.

ಹೀಗೆ ಕೊನೆಗೂ ನನ್ನನ್ನು ಎರಡು ಮೊಳೆ ಹೊಡೆದು ನೇತುಹಾಕಿದರು. ಮುಖ ಗೋಡೆಗೆ.

ಹದಿನಾರು ವರ್ಷ ಅಲ್ಲಿದ್ದೆ. ವಾರಕ್ಕೊಮ್ಮೆ ಅನಸೂಯ ರಾಗಿಯ ಡಬ್ಬ ಹೊತ್ತು ಬರುತ್ತಿದ್ದಳು. ಸಾಲಿನಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ತನ್ನ ಹೆಸರು ಆ ಕಡೆ ಇದೆ ಎಂದು ಆ ಸಾಲಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಒಂದು ದಿನ ಮೆಣಸಿನಕಾಯಿ ಪುಡಿ ಮಾಡಿಸಲು ಕನ್ನಡಕ ಹಾಕಿಕೊಂಡ ಒಬ್ಬ ಹೆಂಗಸು ಬಂದಳು. ಷಮೀಮ್. ಸರ್ಕಾರಿ ಹೈಸ್ಕೂಲಿನಲ್ಲಿ ಹಿಂದಿ ಟೀಚರಾಗಿದ್ದಳು.

“ನಮಸ್ತೆ ಟೀಚರ್,” ಎಂದಳು ಅನಸೂಯಳಿಗೆ.

ಸತ್ಯಣ್ಣ ಬೆಲ್ಟು ನಿಲ್ಲಿಸಿ ಕೇಳಿದ: “ಯಾರ್ಗಮ್ಮ ಟೀಚರ್ ಅಂದಿದ್ದು? ಅವ್ರು ನಮ್ಮತ್ಗೆ.”

“ನಂಗೆ ಟೀಚರ್ರೇ,” ಎಂದಳು ಷಮೀಮ್.

ಅನಸೂಯ ಮುಖಕ್ಕೆ ಹಾರಿದ ಹಿಟ್ಟು ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. ಮರುವಾರದಿಂದ ರಾಗಿ ಬೀಸಿಸಲು ಬೇರೆ ಗಿರಣಿಗೆ ಹೋದಳು.

ಸತ್ಯಣ್ಣನ ಗಿರಣಿ ಮುಚ್ಚಿತು. ಯಂತ್ರ ಗುಜರಿಗೆ ಹೋಯಿತು. ನನ್ನನ್ನೂ ಗುಜರಿಯವನು ಗಾಡಿಗೆ ಹಾಕಿದ್ದ. ಅನಸೂಯ ದಾರಿಯಲ್ಲಿ ನೋಡಿ, ಅವರೆಬೇಳೆ ಬಿಡಿಸಲು ಬೇಕು ಎಂದು ಹೇಳಿ ಇಳಿಸಿಕೊಂಡಳು. ಮನೆಗೆ ತಂದು ತೊಳೆದು ತಿರುಗಿಸಿದಾಗ ಅವಳ ಕೈ ನಿಂತಿತು. ಹದಿನಾರು ವರ್ಷ ಬಿಸಿಲು ತಾಗದೆ ಗೋಡೆ ನೋಡುತ್ತಿದ್ದ ನನ್ನ ಮುಖದಲ್ಲಿ ಒಂದು ಅಕ್ಷರವೂ ಅಳಿಸಿರಲಿಲ್ಲ. ಬೀದಿ ನೋಡಿದ ಬೆನ್ನಿನ ಮೇಲೆ ‘ಗೋಧಿ’ ಮಾತ್ರ ಉಳಿದಿತ್ತು.

ಆಗ ಅತ್ತೆ ಇರಲಿಲ್ಲ. ಮರುವರ್ಷ ಗಂಡನೂ ಇಲ್ಲವಾದ. ಮಗನಿಗೆ ಊರಿನ ಬಸ್ ಡಿಪೋದಲ್ಲಿ ಕೆಲಸ, ತಾಯಿಯ ಯಾವ ಮಾತಿಗೂ ಅವನು ಎದುರಾಡಿದವನಲ್ಲ. ಮೊಳೆ ಇತ್ತು, ಗೋಡೆ ಇತ್ತು, ಬೀದಿಯಲ್ಲಿ ಹಿಂದಿ ಬಾರದ ಮಕ್ಕಳೂ ಇದ್ದರು. ಜನವರಿ ಒಂದಕ್ಕೆ ಅನಸೂಯ ನನ್ನನ್ನು ಒರೆಸಿದಳು. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ನೋಡಿ, “ಧನುರ್ಮಾಸ,” ಎಂದು ತನಗೆ ತಾನೇ ಹೇಳಿಕೊಂಡಳು. ಸೀಮೆಸುಣ್ಣ ತೆಗೆಯಲಿಲ್ಲ. ಆಮೇಲಿನ ವರ್ಷಗಳಲ್ಲೂ ತಾರೀಖು ಬರೆಯಲಿಲ್ಲ. ಸುಬ್ಬಮ್ಮ ಬದುಕಿದ್ದಾಗಲೂ ಇಷ್ಟು ಪೂರ್ತಿಯಾಗಿ ಗೆದ್ದಿರಲಿಲ್ಲ.

ಇಷ್ಟು ಹೇಳಿದ ಮೇಲೆ ಈ ಮಧ್ಯಾಹ್ನಕ್ಕೆ ಬರುತ್ತೇನೆ. ಡಿಸೆಂಬರ್ ಇಪ್ಪತ್ತೊಂಬತ್ತು. ಪಾತ್ರೆಯಲ್ಲಿ ಇನ್ನೂ ಅರ್ಧ ಕಾಳು. ಸೊಸೆ ಪ್ರತಿಮಾ ಮೂರು ವರ್ಷದ ಮಗಳು ಪುಟ್ಟಿಯನ್ನು ಸೊಂಟದಲ್ಲಿ ಹೊತ್ತು ಬಂದು ಎದುರಿಗೆ ಕುಳಿತಳು. ತಾನೂ ಒಂದು ಹಿಡಿ ಕಾಳು ತೆಗೆದುಕೊಂಡಳು. ಪ್ರತಿಮಾ ರಕ್ತಪರೀಕ್ಷೆಯ ಕೆಲಸ ಕಲಿತವಳು. ಮಗು ಹುಟ್ಟುವ ಮೊದಲು ಎರಡು ವರ್ಷ ಆ ಕೆಲಸವನ್ನೂ ಮಾಡಿದ್ದಳು.

“ಅತ್ತೆ, ಬಸ್‌ಸ್ಟ್ಯಾಂಡ್ ಎದುರಿಗೆ ಹೊಸಾ ಲ್ಯಾಬ್ ಆಗಿದೆಯಲ್ಲ, 2ನೇ ತಾರೀಖಿಂದ ಬನ್ನಿ ಅಂದಿದಾರೆ. ಒಂಬತ್ತರಿಂದ ಎರಡು ಗಂಟೆವರೆಗೆ.”

ಅನಸೂಯ ಕಾಳು ಹಿತುಕಿದಳು.

“ಹೊಸ ವರ್ಷದಿಂದ ಮಾಡ್ಲೇಬೇಕು ಅಂತ ಮನಸ್ಸಲ್ಲಿದೆ. ಅವರನ್ನ ಕೇಳಿದೆ, ಅಮ್ಮ ಹೂಂ ಅಂದ್ರೆ ನಂದೇನೂ ಇಲ್ಲ ಅಂದ್ರು. ಪುಟ್ಟೀನ ಅಷ್ಟು ಹೊತ್ತು ನೀವು ನೋಡ್ಕೊಂಡ್ರೆ…”

“ಈಗ ಧನುರ್ಮಾಸ ಅಲ್ವೇನೆ?” ಎಂದಳು ಅನಸೂಯ. “ಧನುರ್ಮಾಸದಲ್ಲಿ ಯಾರಾದ್ರೂ ಹೊಸಾ ಕೆಲಸಕ್ಕೆ ಕೈ ಹಾಕ್ತಾರಾ? ಸಂಕ್ರಾಂತಿ ಕಳೀಲಿ.”

ಅದೇ ಮಾತು. ದನಿಯೂ ಅದೇ, ಸಿಟ್ಟಿಲ್ಲದ, ಬೆಣ್ಣೆಯಂಥ ದನಿ.

“ಅವರು ಕಾಯಲ್ಲ ಅತ್ತೆ. 2ನೇ ತಾರೀಖು ಒಂಬತ್ತಕ್ಕೆ ಬಂದ್ರೆ ಸರಿ, ಇಲ್ದಿದ್ರೆ ಬೇರೆಯೋರನ್ನ ತಗೋತಾರಂತೆ.”

“ತಗೊಳ್ಳಲಿ ಬಿಡು. ಯುಗಾದಿ ಹೊತ್ತಿಗೆ ಇನ್ನೊಂದು ಸಿಗತ್ತೆ.”

ಪ್ರತಿಮಾ ಜಗಳವಾಡಲಿಲ್ಲ. ತುಟಿ ಒಂದು ಕಡೆಗೆ ಎಳೆದು ನಕ್ಕಳು. ನಗದೆ ಇದ್ದರೆ ಕೋಪ ಬಂದಿದೆ ಎಂದುಕೊಳ್ಳುತ್ತಾರಲ್ಲ ಎಂಬ ಭಯಕ್ಕೆ ನಗುವ ನಗು. ಅನಸೂಯ ತಲೆ ಎತ್ತಿದವಳು ಆ ನಗುವನ್ನು ನೋಡಿದಳು. ಕಾಳು ಅವಳ ಬೆರಳಲ್ಲೇ ನಿಂತಿತು.

ಅಷ್ಟರಲ್ಲಿ ಪುಟ್ಟಿ ನನ್ನ ಮೂಲೆ ಹಿಡಿದು ಎಳೆಯಿತು. ಬೇಳೆ ಚೆಲ್ಲೀತೆಂದು ಪ್ರತಿಮಾ ಬೇಳೆಯನ್ನೆಲ್ಲ ಬಾಚಿ ಇನ್ನೊಂದು ಪಾತ್ರೆಗೆ ಹಾಕಿ ನನ್ನನ್ನು ಎತ್ತಿಕೊಂಡಳು. ಈ ಮನೆಗೆ ಬಂದು ಐದು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. ನಿಧಾನವಾಗಿ ಓದಿದಳು.

“ಅನಸೂಯಾ ಹಿಂದಿ ತರಗತಿ… ಅತ್ತೆ, ಇದು ನಿಮ್ದಾ?”

“ಹಳೇದು.”

“ತಾರೀಖು ಖಾಲಿ ಇದೆ. ಯಾವತ್ತು ಶುರು ಮಾಡಿದ್ರಿ?”

ಅನಸೂಯ ಉತ್ತರ ಹುಡುಕಿದಳು. ಧನುರ್ಮಾಸ, ಆಷಾಢ, ಸೂತಕ, ಗಂಡ, ಅತ್ತೆ, ಕಾರ್ಡು, ಬಚ್ಚಲು. ಯಾವುದನ್ನು ಹೇಳಿದರೂ ಸುಳ್ಳಲ್ಲ. ಯಾವುದನ್ನು ಹೇಳಿದರೂ ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ.

“ಮಗೂಗೆ ನಿದ್ದೆ ಬಂದಿದೆ ನೋಡು, ಮಲಗಿಸು ಹೋಗು,” ಎಂದಳು.

ಪ್ರತಿಮಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಫೋನನ್ನು ತೆಗೆದು ನೋಡಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅನಸೂಯ ಒಬ್ಬಳೇ ಕುಳಿತಿದ್ದಳು. ನನ್ನ ಮುಖ ಮೇಲಿತ್ತು. ಆ ನಾಲ್ಕು ಬೆರಳಿನ ಹಳದಿ ಜಾಗವನ್ನು ಬಹಳ ಹೊತ್ತು ನೋಡಿದಳು. ನನ್ನ ಕಾಲ ಮುಗಿದಿದೆ. ಮರದ ಚೌಕಟ್ಟಿಗೆ ಹುಳು ಹಿಡಿದಿದೆ, ತೂತುಗಳ ಸುತ್ತ ತಗಡು ಹರಿದಿದೆ, ಮೊಳೆಗೆ ಹಾಕಿದರೆ ನಿಲ್ಲುವುದಿಲ್ಲ. ಹಿಂದಿ ತರಗತಿ ಇನ್ನು ಎಂದೂ ಆಗುವುದಿಲ್ಲ. ಅದು ನನಗೆ ಗೊತ್ತು, ಅವಳಿಗೂ ಗೊತ್ತು. ಇದನ್ನು ಮೃದುವಾಗಿ ಹೇಳುವ ಬಗೆ ನನಗೆ ತಿಳಿಯದು.

ಅವಳು ಕಾಳಿನ ನೀರಿನಲ್ಲಿ ಬೆರಳು ಅದ್ದಿದಳು. ಖಾಲಿ ಜಾಗದಲ್ಲಿ ‘2’ ಎಂದು ಬರೆದಳು. ಎರಡೇ ಎರಡು ತಿರುವು. ಬಿಸಿಲಿತ್ತು, ಅಂಚಿನಿಂದ ಒಣಗತೊಡಗಿತು. ಅವಳು ಸೆರಗಿನಿಂದ ಒರೆಸಲಿಲ್ಲ. ನನ್ನನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು ಉಳಿದ ಕಾಳನ್ನು ಹಿತುಕಿ ಮುಗಿಸಿದಳು. ಬೇಳೆ ಮೊದಲ ಬಾರಿಗೆ ನನ್ನ ಮುಖದ ಮೇಲೆ ಬಿದ್ದವು.

ಪ್ರತಿಮಾ ಹೊರಗೆ ಬಂದು ಸಿಪ್ಪೆ ಬಾಚತೊಡಗಿದಳು. ಅನಸೂಯ ಅವಳ ಕಡೆ ನೋಡದೆ ಕೇಳಿದಳು:

“ಪುಟ್ಟಿಗೆ ಹತ್ತು ಗಂಟೆ ಹೊತ್ತಿಗೆ ಏನ್ ಕೊಡ್ತೀಯ?”

“ರಾಗಿ ಸರಿ. ಒಂದೊಂದಿನ ಬಾಳೆಹಣ್ಣು. ಯಾಕತ್ತೆ?”

“ಸುಮ್ನೆ ಕೇಳ್ದೆ,” ಎಂದಳು ಅನಸೂಯ. ಬೇಳೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.